ಶೇಖಮ್ಮ ಬರೆದ ಕಾಲುವೆ

ಸುರಪುರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಶೇಖಮ್ಮನಿಗೆ ಎರಡು ಹುಚ್ಚು. ಒಂದು, ಕೈಯಿಂದ ಚಿತ್ರ ಬರೆಯುವುದು. ಇನ್ನೊಂದು, ಬರೆದದ್ದನ್ನು ಕಂಪ್ಯೂಟರಿಗೆ ಒಪ್ಪಿಸಿ ಅದೇನು ಮಾಡುತ್ತದೋ ಎಂದು ನೋಡುತ್ತ ಕೂರುವುದು. ಮೊದಲನೆಯದನ್ನು ಊರು ಮೆಚ್ಚಿತ್ತು. ಎರಡನೆಯದಕ್ಕೆ ಊರು ತಲೆ ಕೆಡಿಸಿಕೊಳ್ಳಲಿಲ್ಲ, ಶೇಖಮ್ಮನೂ ಊರನ್ನು ಕೇಳಲಿಲ್ಲ.

ಹಕ್ಕಿಯೋ ಹೊಲವೋ, ಮೊದಲು ಕಾಗದದ ಮೇಲೆ ಶಾಯಿಯಲ್ಲಿ ಬರೆಯುತ್ತಾಳೆ. ಅದರ ಫೋಟೊ ಹಿಡಿದು ಲ್ಯಾಪ್‌ಟಾಪಿಗೆ ಹಾಕಿ, ಆಮೇಲೆ ಕೋಡು ಬರೆಯುತ್ತಾಳೆ. ಕೋಡು ಅಂದರೆ ಹೆದರುವಂಥದ್ದೇನಲ್ಲ, ಚಿತ್ರ ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆ. ಬೋನಾಳ ಕೆರೆಯ ಕೊಕ್ಕರೆಗಳಿಗೆ ‘ಒಬ್ಬರಿಗೊಬ್ಬರು ತಾಗಬೇಡಿ, ಬಿಟ್ಟು ದೂರವೂ ಹೋಗಬೇಡಿ’ ಎಂದು ವಿಧಿಸಿದ್ದಳು. ಕೋಡು ಓಡಿಸಿದಾಗಲೆಲ್ಲ ಹೊಸ ಹಿಂಡು ಹಾರುತ್ತಿತ್ತು. ಮನಸ್ಸಿಗೆ ಹಿಡಿಸಿದ ಒಂದನ್ನು ಆರಿಸಿ, ಯಾದಗಿರಿಯಲ್ಲಿ ಬಟ್ಟೆಯ ಮೇಲೆ ತೆಳುವಾಗಿ ಮುದ್ರಿಸಿ ತಂದು, ಮತ್ತೆ ಅದರ ಮೇಲೆ ಕುಂಚ ಹಿಡಿಯುತ್ತಿದ್ದಳು. ಕೊನೆಯ ಮಾತು ಕೈಯದೇ ಆಗಬೇಕೆಂಬ ಹಟ ಅವಳದು.

ಅವಳ ಹುಟ್ಟೂರು ಶಹಾಪುರದ ಕಡೆ. ಊರಿನ ನೀರು ಬಳಕೆದಾರರ ಸಂಘ ಹೊಸ ಕಟ್ಟಡ ಕಟ್ಟಿಸಿದಾಗ, ಅಧ್ಯಕ್ಷ ಭಗವಂತರಾಯರು ಅವಳನ್ನು ಕರೆದು ಗೋಡೆ ತೋರಿಸಿದರು. “ನಮ್ಮ ಕಾಲುವಿ ಬರದು ಹಾಕವ್ವಾ, ಎಲ್ಲಾರ ಹೊಲಾನೂ ಕಾಣ್ಬೇಕು” ಎಂದರು. ಕಾಲುವೆಯ ಮೇಲಿನ ತುದಿಗೆ ಅವರದೇ ಗದ್ದೆ. ಕೆಳಗಿನ ತುದಿಗೆ ಶೇಖಮ್ಮನ ತಾಯಿ ಮರಿಲಿಂಗಮ್ಮನ ಎರಡೆಕರೆ. ಶೇಖಮ್ಮ ಹೊಟ್ಟೆಯಲ್ಲಿದ್ದಾಗ ಈ ತಾಯಿ ಇದೇ ಕಾಲುವೆಗೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತಿದ್ದಳು. ಆದರೆ ಕಾಲುವೆಯ ನೀರು ಒಮ್ಮೆಯೂ ಅವಳ ಹೊಲ ಮುಟ್ಟಿರಲಿಲ್ಲ.

“ನನ್ನ ಹೊಲಕ್ಕ ನೀರು ಬಂದಿದ್ದು ಒಂದ್ಸಲ ನೋಡ್ಬೇಕಲೇ ಶೇಖಾ” ಎಂದಳು ಅವ್ವ, ಸುದ್ದಿ ಕೇಳಿದ ದಿನ. ಚಿತ್ರದಲ್ಲಾದರೂ ತೋರಿಸಿಯೇ ಬಿಡುತ್ತೇನೆಂದು ಮಗಳು ನಿಶ್ಚಯಿಸಿದಳು.

ಹೊಲ ಹೊಲ ತಿರುಗಿ ಒಂದೊಂದನ್ನೂ ಬರೆದಳು. ಆಮೇಲೆ ನೀರಿನ ಕಟ್ಟಳೆ ಬರೆಯಲು ಕೂತಾಗಲೇ ಎಡವಿದ್ದು. ಅವಳು ಬೆಳೆದ ಮನೆಯಲ್ಲಿ ಉಣ್ಣುವವರು ‘ಸಾಕು’ ಎಂದೊಡನೆ ಬಡಿಸುವ ಕೈ ಮುಂದಿನವರ ಕಡೆ ಸರಿಯುತ್ತಿತ್ತು. ನೀರಿಗೂ ಅದನ್ನೇ ವಿಧಿಸಿದಳು. ಹೊಲ ತುಂಬಿದರೆ ಸಾಕೆನ್ನಬೇಕು, ಮಿಕ್ಕದ್ದು ಕೆಳಗೆ ಹೋಗಬೇಕು. ಸಂಘದಲ್ಲಿ ಎಲ್ಲರೆದುರು ಓಡಿಸಿ ತೋರಿಸಿದಳು. ನೀಲಿ ಹರಿದು ಹರಿದು ಎಲ್ಲ ಹೊಲವೂ ತುಂಬಿತು. ಕೂತವರು ಬಿದ್ದು ಬಿದ್ದು ನಕ್ಕರು.

“ಇದು ಯಾವ ಊರ ಕಾಲುವಿ ಐತವ್ವಾ?” ಭಗವಂತರಾಯರು ಕಣ್ಣೊರೆಸಿಕೊಂಡರು. “ನನ್ನ ಗದ್ದಿ ತುಂಬಿದ ಮ್ಯಾಲ ತೂಬು ಮುಚ್ಚಾಂವ ಯಾರು? ನಾನಂತೂ ಅಲ್ಲ.”

“ನಾ ತೂಬಿನ ಬಾಯಿ ಒಡದು ಅಗಲ ಮಾಡೇನಿ, ಬರಕೋ” ಎಂದ ನಡುವಿನ ಹೊಲದ ಸಂಗಣ್ಣ.

“ನಾ ಕಾಲುವಿಗೇ ಮೋಟಾರ್ ಇಟ್ಟೇನಿ. ಅದೂ ಹಾಕು” ಎಂದ ಅವನ ಪಕ್ಕದ ಹೊಲದ ಶಾಂತಪ್ಪ.

ಕದ್ದದ್ದನ್ನು ಇಷ್ಟು ಅಭಿಮಾನದಿಂದ ಹೇಳಿಕೊಳ್ಳುವ ಜನ ಬೇರೆಲ್ಲಿ ಸಿಕ್ಕಾರು! ಶೇಖಮ್ಮ ಎಲ್ಲವನ್ನೂ ಬರೆದುಕೊಂಡು ಮನೆಗೆ ಬಂದು ಕಟ್ಟಳೆ ತಿದ್ದಿದಳು. ಅವ್ವ ಪಕ್ಕದಲ್ಲಿ, ಬಸ್ಸಿಗೆ ಕಾಯುವವಳಂತೆ ಕೂತಳು. ನೀಲಿ ಸಲಸಲಕ್ಕೂ ಬೇರೆ ದಾರಿ ಹಿಡಿಯಿತು, ಮೇಲಿನ ಗದ್ದೆಗಳಲ್ಲಿ ಉಕ್ಕಿ ರಸ್ತೆಗೂ ಬಂತು. ಕೊನೆಯ ಎರಡೆಕರೆ ಮಾತ್ರ ಬೆಳ್ಳಗೇ ಉಳಿಯಿತು. ಬಡಿಸುವವ ನಮ್ಮವನಾದರೆ ಪಂಕ್ತಿಯ ಕೊನೆಗೆ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ಬಡಿಸುವವನೇ ಉಣ್ಣಲು ಕೂತರೆ ಏನು ಮಾಡುವುದು?

“ಬಂತೇನು?”

“ಇಲ್ಲವ್ವ.”

“ಬರ್ತೈತಿ ತಡಿ. ಇನ್ನೊಮ್ಮಿ ಓಡಸು.”

ಅವ್ವನ ಈ ತಾಳ್ಮೆ ಕಂಡು ಶೇಖಮ್ಮನಿಗೆ ಅಳು ಬಂತು. ಕಂಪ್ಯೂಟರು ಕೊಡದಿದ್ದರೆ ಬೇಡ, ಕೈ ಇದೆಯಲ್ಲ ಎಂದುಕೊಂಡಳು. ಮುದ್ರಿಸಿ ತಂದ ಬಟ್ಟೆಯನ್ನು ಪಡಸಾಲೆಯಲ್ಲಿ ಹಾಸಿ, ಬದು, ಬೇಲಿ, ತೊಗರಿ ಗಿಡಗಳನ್ನೆಲ್ಲ ತಿದ್ದಿ, ಕಡೆಗೆ ನೀಲಿ ಕಲಸಿ ಅವ್ವನ ಹೊಲದ ಕಡೆ ಕುಂಚ ಒಯ್ದಳು.

“ಏನ್ ಮಾಡಾಕತ್ತಿ?” ಎಂದಳು ಅವ್ವ.

“ನಿನ್ನ ಹೊಲಕ್ಕ ನೀರು ಬಿಡಾಕತ್ತೇನಿ.”

“ಬ್ಯಾಡ ತಗಿ. ನಾಳಿ ನೀರಾವರಿ ಸಾಹೇಬ್ರು ಬಂದು ನೋಡ್ತಾರ, ಮುದುಕಿ ಹೊಲಕ್ಕ ನೀರು ಮುಟ್ಟೇತಿ ಅಂತಾರ. ಆಮ್ಯಾಲ ನಾ ಯಾರ ಮುಂದ ಬಾಯಿ ತಗೀಲಿ?”

“ನೋಡಬೇಕು ಅಂದಿದ್ದಿಯಲ್ಲವ್ವ ನೀನ?”

“ನೀರು ನೋಡಬೇಕಂದಿದ್ದೆ. ಬಣ್ಣ ಅಲ್ಲ.”

ಶೇಖಮ್ಮ ಕುಂಚ ತೊಳೆದಿಟ್ಟಳು. ಕೊನೆಯ ಮಾತು ಕೈಯದು ಎಂಬ ಅವಳ ಹಟ ಅಂದು ಅವ್ವನೆದುರು ಸೋತಿತು. ಸೋತದ್ದಕ್ಕೆ ಅವಳಿಗೆ ಬೇಸರವೇನೂ ಆಗಲಿಲ್ಲ, ಅವ್ವನ ಮೇಲೆ ಇನ್ನಷ್ಟು ಪ್ರೀತಿ ಬಂತು.

ಚಿತ್ರ ಗೋಡೆಗೇರಿದ ದಿನ ಭಗವಂತರಾಯರು ತಮ್ಮ ನೀಲಿ ಗದ್ದೆಯಿಂದ ಬೆರಳಿಟ್ಟುಕೊಂಡು ಕೆಳಗಿಳಿದರು. ಕೊನೆಗೆ ಬಂದು ಬೆರಳು ನಿಂತಿತು. “ಇದೊಂದು ಬೆಳ್ಳಗ ಉಳದೈತಿ, ಚಂದ ಕಾಣವಲ್ದು. ಒಂದೀಟು ನೀಲಿ ಹಚ್ಚಿಬಿಡವ್ವಾ.”

ಉತ್ತರ ಕೊಟ್ಟವಳು ಮರಿಲಿಂಗಮ್ಮ. “ನೀಲಿ ನನ್ನ ಮಗಳ ಕಡಿ ಐತ್ರಿ. ನೀರು ನಿಮ್ಮ ಕಡಿ ಐತಿ.”

ಈ ಸಲ ಯಾರೂ ನಗಲಿಲ್ಲ. ಅಲ್ಲಿಂದ ಮುಂದೆ ಸಂಘದ ಸಭೆಗಳೆಲ್ಲ ಆ ಚಿತ್ರದ ಕೆಳಗೇ ನಡೆದವು. ಭಗವಂತರಾಯರಿಗೆ ನಾಚಿಕೆಯಾಯಿತೋ, ಗೋಡೆ ಚಂದ ಕಾಣಲೆಂಬ ಆಸೆಯೋ, ದೇವರೇ ಬಲ್ಲ. ಮರುವರ್ಷದ ಚಳಿಗಾಲದಲ್ಲಿ ಮೇಲಿನ ತೂಬುಗಳು ಹೊತ್ತಿಗೆ ಸರಿಯಾಗಿ ಮುಚ್ಚಿದವು.

ಅವ್ವನ ಹೊಲಕ್ಕೆ ನೀರು ಬಂತೆಂಬ ಸುದ್ದಿ ತಿಳಿದ ಶೇಖಮ್ಮ ಬಣ್ಣದ ಡಬ್ಬಿ ಹಿಡಿದು ಸಂಘಕ್ಕೆ ಓಡಿದಳು. ಅವ್ವ ಸೀರೆ ಎತ್ತಿ ಕಟ್ಟಿ, ಮೊಳಕಾಲಿನವರೆಗೆ ಎರೆಮಣ್ಣು ಮೆತ್ತಿಕೊಂಡೇ ಬಂದಳು. ಮುಖದ ತುಂಬ ನಗು. ಮಗಳು ಕುಂಚ ಅದ್ದಿ ಎತ್ತಿದಾಗ ಗಬಕ್ಕನೆ ಮುಂಗೈ ಹಿಡಿದಳು.

“ನಡು ಹೊಲದ ಬಾರಿ ಹಣ್ಣಿನ ಗಿಡದ ತನಕ ಬಂದೈತಿ. ಅಲ್ಲೀತನಕ ಹಚ್ಚು.”

ಅರ್ಧ ಹೊಲ ನೀಲಿಯಾಯಿತು. ಅವ್ವ ತುಸು ಹೊತ್ತು ನಿಂತು ನೋಡಿದಳು. ಆಮೇಲೆ ಅಧ್ಯಕ್ಷರ ಕುರ್ಚಿಯನ್ನು ದರದರ ಎಳೆದು ತಂದು, ಚಿತ್ರದಲ್ಲಿ ಇನ್ನೂ ಬೆಳ್ಳಗಿದ್ದ ಅರ್ಧಕ್ಕೆ ಎದುರಾಗಿ, ಕೂತವರ ಕಣ್ಣು ಅದಕ್ಕೇ ಬೀಳುವಂತೆ ಇಟ್ಟು ಹೊಲಕ್ಕೆ ಹೋದಳು.