ಬಾಲ ಮುಂದಾದ ಬಸ್ಸು

ಆ ಪರ್ಯಾಯ ದ್ವೀಪವನ್ನು ಮಾಡುವ ಹೊತ್ತಿಗೆ ದೇವರ ಹತ್ತಿರ ಮಣ್ಣು ಮುಗಿಯುತ್ತಾ ಬಂದಿತ್ತು. ಇದ್ದಷ್ಟನ್ನೇ ಉದ್ದಕ್ಕೆ ಎಳೆದು ಕೈ ತೊಳೆದುಕೊಂಡ. ಅಗಲದ ಮಾತು ಎತ್ತಬೇಡಿ. ಬುಡದಲ್ಲಿ ಒಂದು ಪೇಟೆ, ನಡುವೆ ಬಲೆ ಹೆಣೆಯುವವರ ಊರು, ತುದಿಯಲ್ಲಿ ದೀಪಸ್ತಂಭದ ಸುತ್ತ ನಾಲ್ಕಾರು ಮನೆ. ಜನರ ಬಾಯಲ್ಲಿ ಅವು ಬುಡ, ನಡು, ತುದಿ, ಅಷ್ಟೇ. ನಡುವಿನಲ್ಲಿ ನೆಲ ಎಷ್ಟು ಕಿರಿದೆಂದರೆ, ಉದ್ದನೆಯ ಆಳು ಅಡ್ಡ ಮಲಗಿದರೆ ತಲೆ ಒಂದು ಕಡಲಲ್ಲಿ ನೆನೆಯುತ್ತದೆ, ಕಾಲು ಇನ್ನೊಂದರಲ್ಲಿ. ತುದಿಯ ಗಾಳಿಗೆ ಅಲ್ಲಿನ ಕೋಳಿ ಇಟ್ಟ ಮೊಟ್ಟೆ ನಡುವಿನಲ್ಲಿ ಬಂದು ಬೀಳುತ್ತಿತ್ತು. ಅದು ಯಾರದೆಂಬ ಜಗಳ ಅಜ್ಜಂದಿರ ಕಾಲದ್ದು.

ಮೂರಕ್ಕೂ ಸೇರಿ ಒಂದೇ ರಸ್ತೆ, ಒಂದೇ ಬಸ್ಸು, ಒಬ್ಬನೇ ಡ್ರೈವರು. ಬಸ್ಸು ತಿರುಗಿಸಲು ಎಲ್ಲೂ ಜಾಗವಿರಲಿಲ್ಲ. ಹಾಗಾಗಿ ಬುಡದಿಂದ ತುದಿಗೆ ಮೂತಿ ಮುಂದಾಗಿ ಹೋಗುವುದು, ತುದಿಯಿಂದ ಬುಡಕ್ಕೆ ಇಡೀ ದಾರಿ ಹಿಮ್ಮುಖವಾಗಿ ಬರುವುದು. ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿ ನೋಡಿ ಡ್ರೈವರಿನ ಕತ್ತು ಅಲ್ಲೇ ನಿಂತುಬಿಟ್ಟಿತ್ತು. ಎದುರಿಗೆ ಸಿಕ್ಕವರ ನಮಸ್ಕಾರಕ್ಕೆ ಅವನು ಪಕ್ಕದ ಗೋಡೆಗೆ ಕೈ ಮುಗಿಯುತ್ತಿದ್ದ. ಊರೆಲ್ಲ ಅವನನ್ನು ರಿವರ್ಸಣ್ಣ ಎಂದು ಕರೆಯಿತು. ನಿಜವಾದ ಹೆಸರು ಕೇಳಿದರೆ ಅವನ ಹೆಂಡತಿಯೂ ಸ್ವಲ್ಪ ಹೊತ್ತು ಸೂರು ನೋಡುತ್ತಿದ್ದಳು.

ದಾರಿಯಲ್ಲಿ ಕಾಯುವವರ ಲೆಕ್ಕವೂ ಸಲೀಸು. ಬಸ್ಸಿನ ಬಾಲ ಕಂಡರೆ ಬುಡಕ್ಕೆ, ಮೂತಿ ಕಂಡರೆ ತುದಿಗೆ. ಬೋರ್ಡು ಓದುವ ಗೋಜಿಗೆ, ಯಾವ ಕಡೆಯಿಂದ ಬಂತೆಂದು ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಹತ್ತುವುದು, ಕೂರುವುದು, ಗೊರಕೆ ಹೊಡೆಯುವುದು. ಕಿಟಕಿಯಾಚೆ ನೋಡಿದರೂ ಏನು? ಎರಡೂ ದಿಕ್ಕಿಗೆ ಅದೇ ಮರಳು, ಅದೇ ನೀರು.

ತುದಿಯಲ್ಲಿ ಮನೆಯಿದ್ದ ರಿವರ್ಸಣ್ಣನ ಮಗಳಿಗೆ ನಡುವಿನ ಬಲೆ ಹೆಣೆಯುವ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಹುಡುಗನ ತಾಯಿ ಒಪ್ಪಿದ್ದು ಅರೆಮನಸ್ಸಿನಿಂದ. ತುದಿಯವರ ತಲೆಯೊಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ ಎಂಬುದು ಆಕೆಯ ಗಟ್ಟಿ ಅಭಿಪ್ರಾಯ. ನಿಗದಿಯಾದ ದಿನ, ಮಧ್ಯಾಹ್ನದೊಳಗೆ, ಬುಡದ ನೋಂದಣಿ ಕಚೇರಿಯಲ್ಲಿ ರುಜು ಬೀಳಬೇಕು. ತಪ್ಪಿದರೆ ಈ ಸಂಬಂಧವನ್ನೇ ಮರೆತುಬಿಡಿ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಮಗಳೂ ಹೆಂಡತಿಯೂ ಮುಂಚಿತವಾಗಿ ಬುಡದ ಸೋದರತ್ತೆಯ ಮನೆ ಸೇರಿದರು. ಬೀಗರು ಬೆಳಗಿನ ಬಸ್ಸಿಗೆ ನಡುವಿನಲ್ಲಿ ಹತ್ತುವುದೆಂದಾಯಿತು.

ಸರಿಯಾಗಿ ಆ ಬೆಳಗ್ಗೆಯೇ ರಸ್ತೆ ಇಲಾಖೆಯವರಿಗೆ ತುದಿಯಲ್ಲಿ ಉದ್ಘಾಟನೆಯ ಹುಕಿ ಬಂದಿತ್ತು. ಬಸ್ಸು ತಿರುಗಿಸಲೆಂದು ದುಂಡನೆಯ ಅಂಗಳ ಮಾಡಿ, ಸುತ್ತ ಗಿಡ್ಡ ಗೋಡೆ ಕಟ್ಟಿ, ರಿಬ್ಬನ್ ಕತ್ತರಿಸಿದರು. ರಿವರ್ಸಣ್ಣ ಒಂದು ಸುತ್ತು ಹೊಡೆಸಿ, ಹುಟ್ಟಿದಂದಿನಿಂದ ಮೊದಲ ಸಲ ಮೂತಿ ಮುಂದಾಗಿ ಬುಡದ ಕಡೆ ಹೊರಟ. ಎಡಕ್ಕಿದ್ದ ಕಡಲು ಬಲಕ್ಕೆ ಬಂದಿತ್ತು, ಬಲಕ್ಕಿದ್ದದ್ದು ಎಡಕ್ಕೆ. ಅವನ ತಲೆ ಬುಗುರಿಯಾಯಿತು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಗದ್ದ ಹಿಡಿದು ಮುಖವನ್ನು ಎದುರಿಗೆ ನಿಲ್ಲಿಸಿಕೊಂಡ. ನಡುವಿನಲ್ಲಿ ಜನ ದಬದಬ ಹತ್ತಿದರು. ಬೀಗರೂ ಹತ್ತಿರಬೇಕೆಂದು, ಆಚೀಚೆ ನೋಡದೆ ಗೇರು ಹಾಕಿದ.

ಬುಡದಲ್ಲಿ ಮಗಳು ಓಡಿ ಬಂದಳು. ಇಳಿದವರು ಯಾರು? ದೀಪಸ್ತಂಭಕ್ಕೆ ಬಣ್ಣ ಬಳಿಯಲು ಹೊರಟಿದ್ದವರು, ತುದಿಯಲ್ಲಿ ಮೀನು ಕೊಳ್ಳಲು ಹೊರಟಿದ್ದ ವ್ಯಾಪಾರಿ. ಆತ ಕಣ್ಣುಜ್ಜಿಕೊಂಡು ನೋಡಿ, ತುದಿ ಯಾವಾಗ ಇಷ್ಟೊಂದು ಬೆಳೆಯಿತು ಎಂದು ಬೆರಗಾದ.

“ಅಪ್ಪಾ, ಹುಡುಗ ಎಲ್ಲಿ?”

“ಒಳಗಿರಬೇಕು, ಸರಿಯಾಗಿ ನೋಡು.”

“ಒಳಗೆ ಒಂದು ಮೀನಿನ ಬುಟ್ಟಿ ಇದೆ. ಅದನ್ನೇ ಮದ್ವೆ ಆಗ್ಲಾ?”

ಹೆಂಡತಿ ಬಸ್ಸನ್ನು ಸುತ್ತು ಹಾಕಿ ನೋಡಿ ಹಣೆ ಚಚ್ಚಿಕೊಂಡಳು. “ಬಾಲ ತೋರಿಸ್ಬೇಕಾದ ಕಡೆ ಮೂತಿ ತೋರ್ಸಿದ್ದೀರಲ್ರೀ. ಅವ್ರು ಹೇಗೆ ಹತ್ತಾರೆ?”

ವಾಪಸ್ಸು ಹೋಗೋಣವೆಂದರೆ ಬಸ್ಸಿನ ಮೂತಿ ತುದಿಗೆ ಬೆನ್ನು ಹಾಕಿ ನಿಂತಿದೆ. ತಿರುಗಿಸುವ ಅಂಗಳ ಮಾಡಿದ್ದು ತುದಿಯಲ್ಲಿ ಮಾತ್ರ. ಬುಡಕ್ಕೂ ಒಂದು ಬೇಕೆಂಬುದು ಇಲಾಖೆಗೆ ಹೊಳೆದಿರಲಿಲ್ಲ. ಕಚೇರಿಯಲ್ಲಿ ಅಧಿಕಾರಿ ಊಟದ ಡಬ್ಬಿಯ ಕಡೆ ನೋಡತೊಡಗಿದ್ದರು. ರಿವರ್ಸಣ್ಣ ಗದ್ದ ಬಿಟ್ಟ. ಕತ್ತು ಟಕ್ಕೆಂದು ತನ್ನ ಜಾಗಕ್ಕೆ ಹೋಗಿ ಕೂತಿತು. ಮದುಮಗಳು ಹಿಂಬಾಗಿಲಲ್ಲಿ ಜೋತುಬಿದ್ದು ಸೀಟಿ ಊದಿದಳು, ತುದಿಯ ಪ್ರಯಾಣಿಕರು ಮತ್ತೆ ಹತ್ತಿ ಗೊರಕೆ ಮುಂದುವರಿಸಿದರು. ಬಸ್ಸು ಹಿಮ್ಮುಖವಾಗಿ ಹಾರಿದ ವೇಗಕ್ಕೆ ಅದರ ನೆರಳು ಬುಡದಲ್ಲೇ ಉಳಿದು, ಸಂಜೆ ನಡೆದುಕೊಂಡು ಬಂತಂತೆ.

ನಡುವಿನ ನಿಲ್ದಾಣದಲ್ಲಿ ಬೀಗಿತ್ತಿ ಟ್ರಂಕಿನ ಮೇಲೆ ಕೂತಿದ್ದಳು. ಇಸ್ತ್ರಿ ಮಾಡಿದ ಅಂಗಿಯ ಮಗ ಪಕ್ಕದಲ್ಲಿ ಬೆವರುತ್ತಿದ್ದ. ಬೆಳಗ್ಗೆ ಅವನು ಕಾಲೆತ್ತಿ ಹತ್ತಲು ಹೋದಾಗ, ಮೂತಿ ಕಾಣೋದಿಲ್ವಾ, ಇದು ತುದಿಗೆ ಹೋಗೋದು ಎಂದು ಅಂಗಿ ಹಿಡಿದು ಎಳೆದಿದ್ದಳು. ಈಗ ಬಾಲ ಕಂಡದ್ದೇ ಎದ್ದು ನಿಂತಳು. ಅದು ಬುಡದ ಕಡೆಯಿಂದಲೇ ಬರುತ್ತಿದೆ ಎಂಬುದು ಆಕೆಗೆ ಬೇಡವಾಗಿತ್ತು.

“ಇಷ್ಟೊತ್ತು ಎಲ್ಲಿ ಹೋಗಿದ್ರಿ ಬೀಗರೇ?”

“ತುದೀಲಿ ಗಾಳಿ ಜಾಸ್ತಿ ಇತ್ತು, ತಾಯಿ.”

ತನ್ನ ಅಭಿಪ್ರಾಯಕ್ಕೆ ಅವರ ಬಾಯಿಂದಲೇ ಸಾಕ್ಷಿ ಸಿಕ್ಕ ಖುಷಿಯಲ್ಲಿ ಆಕೆ ಸೊಸೆಯ ಪಕ್ಕವೇ ಕೂತಳು. ತುದಿಗೆ ಹೊರಟಿದ್ದ ಪ್ರಯಾಣಿಕರನ್ನು ಅಲ್ಲೇ ಇಳಿಸಿ ಬಸ್ಸು ಬುಡಕ್ಕೆ ನುಗ್ಗಿತು. ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ರುಜು ಬಿತ್ತು. ಆದರೆ ಇಳಿಯುವಾಗ ಬಸ್ಸಿನ ಮೂತಿ ಬುಡದ ಕಡೆಗಿದ್ದದ್ದು ಬೀಗಿತ್ತಿಯ ಕಣ್ಣಿಗೆ ಬಿದ್ದಿತ್ತು; ಪೆನ್ನು ಕೆಳಗಿಡುವ ಮೊದಲು ಒಂದು ಮಾತು ಹೇಳಿದಳು.

“ಇನ್ನೊಂದ್ಸಲ ಬುಡಕ್ಕೆ ಮೂತಿ ಹಾಕ್ಕೊಂಡು ಬಂದ್ರೆ, ಸೊಸೇನ ತವರಿಗೆ ಕಳಿಸೋದಿಲ್ಲ.”

ಸಂಜೆ ರಿವರ್ಸಣ್ಣ ಹಿಮ್ಮುಖವಾಗಿಯೇ ತುದಿ ಸೇರಿ, ಹೊಸ ಅಂಗಳದಲ್ಲಿ ಒಂದು ಸುತ್ತು ಹೊಡೆಸಿ ಬಸ್ಸಿನ ಮೂತಿಯನ್ನು ಮೊದಲಿನಂತೆ ಕಡಲಿಗೆ ಮಾಡಿ ನಿಲ್ಲಿಸಿದ. ಆಮೇಲೆ ಯಾರಿಗೂ ತಿರುಗಿಸುವ ಬುದ್ಧಿ ಬಾರದಿರಲೆಂದು ಕೋಳಿಗಳನ್ನೆಲ್ಲ ತಂದು ಆ ಅಂಗಳದೊಳಗೆ ಬಿಟ್ಟ. ಗೋಡೆಯ ಮರೆಗೆ ಗಾಳಿ ತಾಗದೆ ಮೊಟ್ಟೆಗಳು ಈಗ ನಡುವಿಗೆ ಹಾರದೆ ಇಟ್ಟಲ್ಲೇ ಉಳಿಯುತ್ತವೆ. ಬೀಗಿತ್ತಿಯ ತಕರಾರು ಈಗ ಅದೊಂದೇ.