ಕ್ಲಾರಿನೆಟ್ ಎತ್ತುವವರೆಗೆ

ರಾಯಚೂರಿನ ಮದುವೆ ಮೆರವಣಿಗೆಗಳಲ್ಲಿ ಊದುತ್ತಿದ್ದ ಉರುಕುಂದಪ್ಪ ಮಾಸ್ತರರ ಬ್ಯಾಂಡಿಗೆ ಒಂದೇ ಕಾನೂನು: ಮಾಸ್ತರರು ಕ್ಲಾರಿನೆಟ್ ಮೇಲೆತ್ತಿದರೆ ಎಲ್ಲರೂ ಒಮ್ಮೆಲೇ ನಿಲ್ಲಿಸಬೇಕು. ಪಕ್ಕದಲ್ಲಿ ಟ್ರಂಪೆಟ್ ಹಿಡಿದು ನಡೆಯುತ್ತಿದ್ದ ಗೆಳೆಯ ಜಿಲಾನಿ ಪಾಷಾನಿಗೆ ಅದು ನಿದ್ದೆಯಲ್ಲೂ ಮರೆಯುತ್ತಿರಲಿಲ್ಲ.

ಮಸರಕಲ್ಲಿನ ಕೂಲಿ ಮನೆತನದ ಉರುಕುಂದಪ್ಪ ಸೋದರಮಾವನ ಸನಾದಿ ಕೇಳಿ ಬೆಳೆದವರು. ಯಾವ ಸಿನಿಮಾ ಹಾಡು ಬಂದರೂ ಮರುದಿನ ಅವರ ಬ್ಯಾಂಡಿನಲ್ಲಿ ಕೇಳುತ್ತಿತ್ತು. ಆದರೆ ತಮ್ಮದೇ ಒಂದು ಹಾಡು ಬೀದಿಯಲ್ಲಿ ಮೊಳಗಬೇಕೆಂಬ ಆಸೆ ಅವರಿಗೆ ಬಹಳ ಹಳೆಯದು. ಎಂಬತ್ತನಾಲ್ಕರ ಬೇಸಿಗೆಯಲ್ಲಿ ನಮ್ಮ ದೇಶದವನೊಬ್ಬ ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿದ್ದಾನೆಂದು ಚಹಾದಂಗಡಿಯ ರೇಡಿಯೋ ಹೇಳಿತು. ಮಾಸ್ತರರ ಕೈಯಲ್ಲಿದ್ದ ಚಹಾ ಆರಿಹೋಯಿತು.

"ಆ ರಾಕೆಟ್ಟು ಎಲ್ಲೂ ನಿಲ್ಲಂಗಿಲ್ಲಂತ ಜಿಲಾನಿ. ನಿಂತ್ರ ಬೀಳತದ. ಹಂತಾ ಒಂದು ಹಾಡು ಕಟ್ಟಬೇಕು ನೋಡು."

"ಅದಕ್ಕ ಉಸಿರು ಬ್ಯಾಡ ಮಾಸ್ತರ, ನಮಗ ಬೇಕು."

ಅದಕ್ಕೂ ಮಾಸ್ತರರು ದಾರಿ ಕಂಡುಕೊಂಡರು. ಪಕ್ಕದವನು ಉಸಿರೆಳೆಯುವಾಗ ನೀನು ಎಳೆಯಬೇಡ, ಅವನ ಸ್ವರವನ್ನೂ ನೀನೇ ಹಿಡಿದಿರು ಎಂದರು. ಕೊನೆಯ ಸ್ವರ ಹೋಗಿ ಮೊದಲಿನದಕ್ಕೇ ಸೇರುತ್ತಿತ್ತು. ಹಾಡಿಗೆ 'ಸುತ್ತು' ಎಂದೇ ಹೆಸರಿಟ್ಟರು.

ಮಾನ್ವಿಯ ಮೆರವಣಿಗೆಯೊಂದರಲ್ಲಿ, ಇದು ರಾಕೆಟ್ಟಿನ ಹಾಡೆಂದು ಮೊದಲೇ ಸಾರಿ, ಅದನ್ನು ಮೊದಲ ಸಲ ಊದಿದರು. ಕಿಟಕಿಗಳು ತೆರೆದವು. ಹಿಗ್ಗಿನಲ್ಲಿ ಮಾಸ್ತರರು ಮೈಮರೆತು ಕ್ಲಾರಿನೆಟ್ಟನ್ನು ಆಕಾಶಕ್ಕೆತ್ತಿದರು. ಬ್ಯಾಂಡಿಗೆ ಬ್ಯಾಂಡೇ ಗಪ್ಪಾಯಿತು. ಮದುಮಗನ ಕುದುರೆಯ ಗೊರಸಿನ ಸದ್ದಷ್ಟೇ ಉಳಿಯಿತು.

"ಏನ್ರೀ ಮಾಸ್ತರ, ರಾಕೆಟ್ಟು ನಮ್ಮೂರು ಮಲ್ಲಟದ ಹೊಲದಾಗ ಬಿತ್ತೇನು?" ಎಂದ ಮದುಮಗನ ಮಾವ ವಿರೂಪಣ್ಣ. ಬೀದಿಯೆಲ್ಲ ನಕ್ಕಿತು. ಮಾಸ್ತರರೂ ನಕ್ಕರು, ಆದರೆ ರಾಯಚೂರು ಮುಟ್ಟುವವರೆಗೆ ಬಸ್ಸಿನಲ್ಲಿ ಕ್ಲಾರಿನೆಟ್ಟನ್ನು ತೊಡೆಗಳ ನಡುವೆ ಒತ್ತಿಹಿಡಿದೇ ಕೂತರು.

ಅಂದಿನಿಂದ 'ಸುತ್ತು' ಊದುವಾಗ ಕ್ಲಾರಿನೆಟ್ಟಿನ ತುದಿಯನ್ನು ದಾರದಿಂದ ಸೊಂಟದ ಪಟ್ಟಿಗೆ ಕಟ್ಟಿಕೊಳ್ಳತೊಡಗಿದರು. ಮುಂದಿನ ವರ್ಷ ದೇವದುರ್ಗದಲ್ಲಿ ಬಸ್‌ಸ್ಟ್ಯಾಂಡಿನಿಂದ ಮದುವೆ ಮನೆಯವರೆಗೆ ಆ ಹಾಡು ಎಲ್ಲೂ ಕಡಿಯಲಿಲ್ಲ. ದರ್ಜಿಗಳು ಮಷೀನು ಬಿಟ್ಟು ಹೊರಬಂದರು. ಬೀಗರ ಗುಂಪಿನಲ್ಲಿದ್ದ ವಿರೂಪಣ್ಣನೇ ಬಂದು ಇನ್ನೊಮ್ಮೆ ಊದಿರೆಂದು ಕೇಳಿದ. ಮಾಸ್ತರರು ಮೊದಲು ದಾರ ಗಟ್ಟಿಯಿದೆಯೇ ಎಂದು ನೋಡಿಕೊಂಡರು.

ಎಂಬತ್ತೆಂಟರಲ್ಲಿ ಕಾಮಾಲೆ ಅವರನ್ನು ಕರೆದೊಯ್ದಿತು. ಮಸರಕಲ್ಲಿಗೆ ಬ್ಯಾಂಡಿನವರೆಲ್ಲ ಸಮವಸ್ತ್ರ ತೊಟ್ಟು ಬಂದು, ಹೆಣದ ಮುಂದೆ 'ಸುತ್ತು' ಊದುತ್ತ ನಡೆದರು. ಮಾಸ್ತರರ ಸ್ವರಗಳನ್ನು ಜಿಲಾನಿ ಟ್ರಂಪೆಟ್ಟಿನಲ್ಲಿ ಹಿಡಿದ. ಹೂಳಲು ತೋಡಿದ ಕುಣಿಯ ಹತ್ತಿರ ಬಂದರೂ ಹಾಡು ನಿಲ್ಲಲಿಲ್ಲ. ನಿಲ್ಲಿಸು ಎಂದು ಎತ್ತುವ ಕೈ ಮಲಗಿತ್ತು. ತುಟಿಗಳು ಬಾತವು, ಪಕ್ಕದವನು ಉಸಿರೆಳೆದಾಗಲೆಲ್ಲ ಇನ್ನೊಬ್ಬ ಹಿಡಿದ. ಜಿಲಾನಿ ನಿಲ್ಲಿಸಬಹುದಿತ್ತು, ಮನಸ್ಸು ಬರಲಿಲ್ಲ.

ಮಾಸ್ತರರ ಹೆಂಡತಿ ಶೇಖಮ್ಮ ಗಂಡನ ಮಗ್ಗುಲಲ್ಲಿಟ್ಟಿದ್ದ ಕ್ಲಾರಿನೆಟ್ಟನ್ನು ತೆಗೆದುಕೊಂಡಳು. ತುದಿಯಲ್ಲಿ ದಾರ ಇನ್ನೂ ಜೋತಿತ್ತು. ಹಿರಿಯರೊಬ್ಬರು ಹೊತ್ತಾಯಿತೆಂದು ಅವಸರಿಸಿದರು.

"ತಡೀರಿ," ಎಂದಳು. "ಪೂರಾ ಒಂದು ಸುತ್ತು ಆಗ್ಲಿ."

ಹಾಡು ತಿರುಗಿ ಮೊದಲ ಸ್ವರಕ್ಕೆ ಬಂದು ಸೇರಿತು. ಆಗ ಅವಳು ಎರಡೂ ಕೈಯಿಂದ ಕ್ಲಾರಿನೆಟ್ಟನ್ನು ಎತ್ತಿದಳು. ಎಲ್ಲರೂ ಒಮ್ಮೆಲೇ ನಿಲ್ಲಿಸಿದರು. ಒಬ್ಬನೂ ಒಂದು ಸ್ವರ ಹಿಂದೆ ಬೀಳಲಿಲ್ಲ.