ಉತ್ತಮನೂ ಎತ್ತರದ ಪಿಕಪ್ಪೂ

ಹುಮನಾಬಾದಿನ ಗ್ಯಾರೇಜು ಮಿಸ್ತ್ರಿ ಉತ್ತಮನ ಹೆಸರಿಗೆ ಸಂಚಕಾರ ಬಂದಿತ್ತು. ಹಳ್ಳಿಖೇಡದ ಬಸವಕುಮಾರ ಕಬ್ಬಿನ ಹೊಲಕ್ಕಿಳಿಯಲೆಂದು ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಕಬ್ಬಿಣದ ತುಂಡು ಕೊಟ್ಟು ಪಿಕಪ್ಪನ್ನು ಎತ್ತರಿಸಿಕೊಂಡಿದ್ದ. ಕಬ್ಬಿಗಾಗಿ ಕಬ್ಬಿಣ! ಆಮೇಲೆ ಉತ್ತಮ ಹಾಕಿಕೊಟ್ಟ, ಕುಲುಕಾಟ ತಡೆಯುವ ಶಾಕ್‌ಗಳು ಎರಡನೇ ಸಲವೂ ಎಣ್ಣೆ ಕಾರಿದ್ದವು.

"ಉತ್ತಮಣ್ಣ, ಮತ್ತ ಹೋದ್ವಂದ್ರ ಕಾರ್ಖಾನಿ ಲೈನಿನ್ಯಾಗ ನಿಂತವರಿಗೆಲ್ಲ ಹೇಳ್ತೀನಿ ನೋಡು."

ಕಬ್ಬಿನ ಗಾಡಿಗಳ ಸಾಲಿನಲ್ಲಿ ಸುದ್ದಿಯೊಂದೇ ಬೇಗ ಓಡುತ್ತದೆ. ಉತ್ತಮ ಮಾಲೇ ಖರಾಬೆಂದು ಬೈಯುವುದು ಬಿಟ್ಟು ಗಾಡಿಯ ಹಿಂಭಾಗಕ್ಕೆ ಜಾಕ್ ಕೊಟ್ಟ. ಬಾಡಿ ಎದ್ದಿತು, ಗಾಲಿ ಜೋತುಬಿತ್ತು. ಅದರ ಭಾರವೆಲ್ಲ ಪೂರ್ತಿ ಹಿಗ್ಗಿದ ಶಾಕ್‌ಗೇ ನೇತುಬಿದ್ದಿತ್ತು.

"ಗಾಡಿ ಬೆಳದದ ಸಾವ್ಕಾರ್ರ, ಶಾಕ್ ಬೆಳದಿಲ್ಲ. ಅಣ್ಣನ ಮೈಗೆ ತಮ್ಮನ ಅಂಗಿ! ತಗ್ಗು ಬಂದಾಗೊಮ್ಮೆ ಹರೀತದ. ಕಬ್ಬಿಣ ತೆಗಸ್ರಿ, ಇಲ್ಲಾ ಉದ್ದನ್ನ ಶಾಕ್ ಹುಡುಕ್ರಿ."

"ಎತ್ತರ ಇಳಸಂಗಿಲ್ಲ. ಬಸವಕಲ್ಯಾಣದಾಗ ನಮ್ಮ ಮಾವನ ಓಣಿಗೆ ಹೋದ್ರ ಮಂದಿ ನಿಂತು ನೋಡ್ತಾರ."

ಬಾಕಿನ ಮೇಲೆ ಕೂತಿದ್ದ ಬಸವಕುಮಾರನ ತಾಯಿ ತುಳಜಾಬಾಯಿ ಎದ್ದಳು. "ನೋಡ್ತಾರ, ಯಾಕ ನೋಡಂಗಿಲ್ಲ? ನಾ ಸೀರಿ ಎತ್ಕೊಂಡು ಜಿಗಿಯೋದು, ಬೀಗ್ತಿ ಕೆಳಗ ನಿಂತು ಹಿಡಿಯೋದು! ಆ ಕಬ್ಬಿಣ ತೆಗಿಯಪ್ಪ ಉತ್ತಮ."

ಬಸವಕುಮಾರ ಬಾಯಿ ತೆರೆಯುವುದರೊಳಗೆ ಉತ್ತಮ ಪಾನಾ ಹಿಡಿದು ಗಾಡಿಯ ಕೆಳಗೆ ಸೇರಿಕೊಂಡಿದ್ದ. ಗಿರಾಕಿಯ ಗತ್ತು ಇಳಿದರೂ ತನ್ನ ಹೆಸರು ಉಳಿಯಿತಲ್ಲ!